ಪದಚರ್ಚೆ: ಪಶು ಆಸ್ಪತ್ರೆ ಬೋರ್ಡಿಗೆ ‘ಕಂದು ರೋಗ’ ಸಾಕಲ್ವಾ?

ದನದಿಂದ ಮನುಷ್ಯರಿಗೂ ಹರಡುವ ರೋಗದ ಬಗ್ಗೆ ಪಶು ಆಸ್ಪತ್ರೆಯಲ್ಲಿ ಹಾಕುವ ಎಚ್ಚರಿಕೆ ಬೋರ್ಡಿಗೆ ಯಾವ ಪದ ಸರಿ ಅಂತ ಕೇಳಿದ್ದೀರಿ. ಬೋರ್ಡು ನಾಳೆ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ‘ಪ್ರಾಣಿಜನ್ಯ ಸೋಂಕಿನ ಅಪಾಯ ವಲಯ’ ಬೇಡ. ಕಂದು ರೋಗದ ಇಂಗ್ಲಿಷ್ ಹೆಸರು ಬ್ರುಸೆಲ್ಲೋಸಿಸ್ಸೂ ಬೇಡ. ಹೀಗೆ ಬರೆಸಿ:

‘ಕಂದು ಹಾಕಿದ ದನ, ಸತ್ತ ಕರು, ಮಾಸು ಬರಿಗೈಲಿ ಮುಟ್ಟಬೇಡಿ. ಗ್ಲೌಸ್ ಹಾಕಿ. ಕಂದು ರೋಗ ಮನುಷ್ಯರಿಗೂ ಬರುತ್ತದೆ.’

ಈ ಚರ್ಚೆಯಲ್ಲಿ ಒಬ್ಬರು ‘ಕಂದು ರೋಗ’ ಅಂದರೆ ‘ಕಂದು ಬಣ್ಣದ ರೋಗ ಅಂತ ಅರ್ಥ ಬರುತ್ತೆ, ಇಲಾಖೆಯವರ ಕೆಟ್ಟ ಅನುವಾದ’ ಅಂದಿದ್ದಾರೆ. ತಪ್ಪು. ಇದು ಅನುವಾದವೇ ಅಲ್ಲ. ಇಲ್ಲಿ ಕಂದು ಅಂದರೆ ಕರು. ತಮಿಳಿನ ಕನ್ಱು, ತುಳುವಿನ ಕಂಜಿ, ನಮ್ಮ ಕಂದು, ಕರು ಎಲ್ಲ ಒಂದೇ ಬಳ್ಳಿಯವು. ದಿನ ತುಂಬುವ ಮುಂಚೆ ಹಸು ಕರು ಹಾಕಿದರೆ ‘ಕಂದು ಹಾಕ್ತು’ ಅನ್ನುತ್ತಾರೆ. ಹಾಗೆ ಹಾಕಿಸುವ ರೋಗ ಕಂದು ರೋಗ. ಹಸುವಿಗೆ ‘ಗರ್ಭಪಾತ’ ಆಯಿತು ಅಂತ ಯಾವ ರೈತನೂ ಹೇಳಿದ್ದು ನಾನು ಕೇಳಿಲ್ಲ.

ನಾನು ಇಷ್ಟು ಹಟ ಹಿಡಿಯೋದಕ್ಕೆ ಕಾರಣ ಇದೆ. ನಮ್ಮ ಚಿಕ್ಕಪ್ಪ ಒಂದು ಪಶು ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದರು. ಹಸು ಕರು ಹಾಕಿದ ಮೇಲೆ ಮಾಸು ಬೀಳದಿದ್ದರೆ ಮೊಣಕೈವರೆಗೆ ಬರಿಗೈ ಹಾಕಿ ಬಿಡಿಸುತ್ತಿದ್ದರು, ಬೆರಳಲ್ಲಿ ಹುಲ್ಲು ಕೊಯ್ದ ಗಾಯ ಇದ್ದರೂ. ಆಮೇಲೆ ಶುರುವಾಯಿತು. ಸಂಜೆಯಾದರೆ ಜ್ವರ, ರಾತ್ರಿ ಬೆವರಿ ಅಂಗಿ ತೊಯ್ದು ಹೋಗೋದು, ಬೆಳಿಗ್ಗೆ ಸೊಂಟ ಹಿಡಿದು ಏಳೋಕೇ ಆಗ್ತಿರಲಿಲ್ಲ. ಅದು ಕಂದು ರೋಗ, ಆದರೆ ತಿಂಗಳುಗಟ್ಟಲೆ ಟೈಫಾಯಿಡ್ ಅಂತಲೇ ಔಷಧಿ ನಡೆಯಿತು. ಅಲ್ಲಿನ ಗೋಡೆ ಮೇಲೆ ಬೋರ್ಡು ಇತ್ತು, ‘ಜೂನೋಸಿಸ್’ (ಪ್ರಾಣಿಯಿಂದ ಮನುಷ್ಯರಿಗೆ ಬರುವ ರೋಗ) ಅಂತ, ಇಂಗ್ಲಿಷಿನಲ್ಲಿ. ಕಂದು ರೋಗ ಅನ್ನೋ ಪದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಮನುಷ್ಯರಿಗೂ ಬರುತ್ತೆ ಅನ್ನೋದು ಗೊತ್ತಿರಲಿಲ್ಲ.

ಎರವಲೇ ಬೇಡ ಅನ್ನುವವರ ಜೊತೆಗೂ ನಾನಿಲ್ಲ. ಕೈಗವಸು ಚೆಂದದ ಪದ. ಆದರೆ ಹೆರಿಗೆ ಹೊತ್ತಲ್ಲಿ ಎಲ್ಲರೂ ಕೂಗಿ ಕೇಳೋದು ‘ಗ್ಲೌಸ್ ಕೊಡಿ’ ಅಂತಲೇ. ಬೇರೂರಿದ ಎರವಲು ಇರಲಿ. ಇರುವ ಪದವನ್ನು ಓಡಿಸಿ ಆ ಜಾಗದಲ್ಲಿ ಸಂಸ್ಕೃತವನ್ನೋ ಲ್ಯಾಟಿನನ್ನೋ ಕೂರಿಸೋದಕ್ಕೆ ನನ್ನ ತಕರಾರು.

ಕಂದು ರೋಗ ತಡೆಯೋಕೆ ಕರುಗಳಿಗೆ ಹಾಕುವ ಎಸ್-19 ಲಸಿಕೆ ಇಡುವ ಫ್ರಿಜ್ ಮೇಲೂ ಒಂದು ಚೀಟಿ ಅಂಟಿಸಿ: ‘ಇದರಲ್ಲಿ ಜೀವಂತ ರೋಗಾಣು ಇದೆ. ಸೂಜಿ ಕೈಗೆ ಚುಚ್ಚಿದರೆ ಕೂಡಲೇ ತೊಳೆದು ಡಾಕ್ಟರಿಗೆ ತೋರಿಸಿ.’ ‘ನೀಡಲ್ ಸ್ಟಿಕ್’ಗೆ ಸುಮ್ನೆ ನಾಮಪದ ಹುಡುಕಬೇಡಿ, ‘ಚುಚ್ಚಿದರೆ’ ಸಾಕು.

ಮಾಸು ಬದಲು ‘ಕಸ’ ಅಂತ ಮಾತ್ರ ಹಾಕಬೇಡಿ. ಮಾತಲ್ಲಿ ಸರಿ, ಬೋರ್ಡಲ್ಲಿ ಗುಡಿಸುವ ಕಸ ಅಂದುಕೊಳ್ತಾರೆ. ನಿಮ್ಮ ಕಡೆ ‘ಸತ್ತೆ’ ಅಂತಾರಾ? ಹಾಗಾದರೆ ಅದನ್ನೇ ಬರೆಸಿ. ಪ್ರಿಂಟಿಗೆ ಕೊಡುವ ಮುಂಚೆ ಅಲ್ಲಿ ನೆಲ ತೊಳೆಯುವವರನ್ನು ಒಂದು ಮಾತು ಕೇಳಿ.