ಒಸಡಿನ ಮೇಲೆ ಬೆಳೆದ ಮಾಂಸ: ಎಚ್‌ಐವಿ ಇದ್ದವರಲ್ಲಿ ಕಾಣುವ ಅಪರೂಪದ ಕ್ಯಾನ್ಸರ್ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಅಣ್ಣನಿಗೆ 44 ವರ್ಷ. ಎಚ್‌ಐವಿ ಇದೆ, ಒಂಬತ್ತು ವರ್ಷಗಳಿಂದ ಅದನ್ನು ಹಿಡಿತದಲ್ಲಿಡುವ ಎ.ಆರ್.ಟಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಆದರೆ ಹೋದ ವರ್ಷ ಆರೇಳು ತಿಂಗಳು ಬಿಟ್ಟಿದ್ದರು. ದವಡೆಹಲ್ಲು ಕೀಳಿಸಿದ ಜಾಗದ ಗಾಯ ಮಾಯದೆ, ಅಲ್ಲಿ ಕೆಂಪಗೆ ಮಾಂಸ ಬೆಳೆಯಿತು. ಎರಡು ಸುತ್ತು ಆಂಟಿಬಯೋಟಿಕ್ ಆದ ಮೇಲೆ ಬಯಾಪ್ಸಿ ಮಾಡಿದರು. ವರದಿಯಲ್ಲಿ ‘ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾ, ಸಿಡಿ 20 ನೆಗೆಟಿವ್, ಸಿಡಿ 138 ಪಾಸಿಟಿವ್, ಇಬಿಇಆರ್ ಪಾಸಿಟಿವ್, ಕೆಐ 67 ಶೇ. 95’ ಎಂದಿದೆ. ಅಣ್ಣ ಗುಟ್ಕಾ ಮುಟ್ಟಿದವರಲ್ಲ. ಹಾಗಿದ್ದೂ ಬಾಯಿ ಕ್ಯಾನ್ಸರ್ ಹೇಗೆ ಬಂತು?

ಉತ್ತರ: ಇದು ಗುಟ್ಕಾ, ತಂಬಾಕಿನಿಂದ ಬಾಯಿಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಅಲ್ಲ. ಬಿ ಜೀವಕೋಶವೆಂಬ ಬಿಳಿ ರಕ್ತಕಣವು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶವಾಗಿ ಮಾರ್ಪಡುವ ಹಂತದಲ್ಲಿ ಕೆಟ್ಟು ಹುಟ್ಟುವ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್ ಇದು. ವರದಿಯ ಸಿಡಿ 138 ಪ್ಲಾಸ್ಮಾ ಕೋಶದ ಗುರುತು. 1997ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಮೊದಲು ವರ್ಣಿಸಿದ್ದೇ ಬಹುಪಾಲು ಎಚ್‌ಐವಿ ಇದ್ದವರ ಬಾಯಿಯ ಗಡ್ಡೆಗಳನ್ನು ನೋಡಿ. ಇಬಿಇಆರ್ ಪಾಸಿಟಿವ್ ಎಂದರೆ ಗಡ್ಡೆಯ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇದೆ ಎಂದರ್ಥ. ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಸುಮ್ಮನೆ ಮಲಗಿರುವ ಈ ವೈರಸ್ಸು, ಕಾವಲು ಸಡಿಲವಾದಾಗ ಏಳುತ್ತದೆ. ಮಾತ್ರೆ ಬಿಟ್ಟ ತಿಂಗಳುಗಳು ಅದಕ್ಕೆ ಅನುಕೂಲ ಮಾಡಿಕೊಟ್ಟಿರಬಹುದು. ಆದರೆ ಅದನ್ನು ಹಿಡಿದು ಅಣ್ಣನನ್ನು ಈಗ ದೂರಬೇಡಿ. ಮಾತ್ರೆ ತಪ್ಪಿಸದವರಲ್ಲೂ ನಾನು ಇದನ್ನು ಕಂಡಿದ್ದೇನೆ.

ಕೋಶದ ಮೇಲೆ ಸಿಡಿ 20 ಎಂಬ ಪ್ರೋಟೀನ್ ಇಲ್ಲದ ಕಾರಣ, ಅದನ್ನೇ ಗುರಿಯಾಗಿಸುವ, ಉಳಿದ ಅನೇಕ ಲಿಂಫೋಮಾಗಳಿಗೆ ಕೊಡುವ ರಿಟುಕ್ಸಿಮ್ಯಾಬ್ ಔಷಧ ಇದಕ್ಕೆ ನಾಟುವುದಿಲ್ಲ. ಕೆಐ 67 ಶೇ. 95 ಎಂದರೆ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಒಡೆದು ಇಮ್ಮಡಿಯಾಗುವ ಕೆಲಸದಲ್ಲಿವೆ. ಆದ್ದರಿಂದ ಪೆಟ್ ಸ್ಕ್ಯಾನ್, ಮೂಳೆಮಜ್ಜೆ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆಗಳನ್ನು ಈ ವಾರವೇ ಮುಗಿಸಿಕೊಳ್ಳಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ಪ್ರಶ್ನೆ (ಅದೇ ಸದಸ್ಯರು): ಕೀಮೋ ಮುಗಿಯುವವರೆಗೆ ಎ.ಆರ್.ಟಿ. ನಿಲ್ಲಿಸಿ ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ನಿಲ್ಲಿಸಲೇಬಾರದು. ಎಚ್‌ಐವಿ ಹಿಡಿತದಲ್ಲಿರುವವರೇ ಕೀಮೋವನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ನೋಡಬೇಕಾದದ್ದು ಅವರು ಯಾವ ಮಾತ್ರೆಯಲ್ಲಿದ್ದಾರೆ ಎಂಬುದನ್ನು. ಡೊಲುಟೆಗ್ರಾವಿರ್ ಇರುವ ಮಾತ್ರೆಯಾದರೆ ಸಾಮಾನ್ಯವಾಗಿ ತೊಡಕಿಲ್ಲ. ರಿಟೋನಾವಿರ್ ಸೇರಿದ ಎರಡನೇ ಹಂತದ ಮಾತ್ರೆಯಾದರೆ ಅದು ಕೀಮೋದ ವಿಂಕ್ರಿಸ್ಟಿನ್ ಔಷಧವನ್ನು ದೇಹದಲ್ಲೇ ಉಳಿಸಿ ನರಗಳಿಗೂ ಕರುಳಿಗೂ ಪೆಟ್ಟು ಕೊಡಬಲ್ಲದು. ಎ.ಆರ್.ಟಿ. ಪುಸ್ತಕವನ್ನೂ ಮಾತ್ರೆಯ ಡಬ್ಬಿಯನ್ನೂ ಕ್ಯಾನ್ಸರ್ ವೈದ್ಯರ ಮೇಜಿನ ಮೇಲೆ ಇಡಿ. ಸಂಕೋಚಪಟ್ಟು ಎಚ್‌ಐವಿ ವಿಷಯ ಮುಚ್ಚಿಟ್ಟರೆ ಅಪಾಯ ರೋಗಿಗೇ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನಮ್ಮ ಭಾವನವರಿಗೂ ಎಚ್‌ಐವಿ ಇದೆ. ಕುತ್ತಿಗೆಯ ಗಂಟಿಗೆ ಸೂಜಿಪರೀಕ್ಷೆ ಮಾಡಿ, ಟಿಬಿ ಇರಬಹುದೆಂದು ನಾಲ್ಕು ತಿಂಗಳಿಂದ ಮಾತ್ರೆ ಕೊಡುತ್ತಿದ್ದಾರೆ. ಗಂಟು ದೊಡ್ಡದಾಗುತ್ತಲೇ ಇದೆ. ಚಾಕು ತಾಗಿಸಿದರೆ ಹರಡುತ್ತದೆಯೆಂದು ಮನೆಯವರು ಬಯಾಪ್ಸಿಗೆ ಒಪ್ಪುತ್ತಿಲ್ಲ.

ಉತ್ತರ: ನಮ್ಮ ದೇಶದಲ್ಲಿ ಮೊದಲು ಟಿಬಿಯನ್ನು ಅನುಮಾನಿಸುವುದು ತಪ್ಪಲ್ಲ, ಹಲವು ಸಲ ಅದು ಸರಿಯೂ ಆಗಿರುತ್ತದೆ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಟಿಬಿ ಗಂಟು ಊದಿಕೊಳ್ಳುವುದೂ ಉಂಟು. ಆದರೆ ನಾಲ್ಕು ತಿಂಗಳಾದರೂ ಬೆಳೆಯುತ್ತಿದ್ದರೆ ಔಷಧಕ್ಕೆ ಬಗ್ಗದ ಟಿಬಿಯೋ ಲಿಂಫೋಮಾವೋ ಎಂಬುದು ಇತ್ಯರ್ಥವಾಗಲೇಬೇಕು. ಸೂಜಿಗೆ ಸಿಗುವ ನಾಲ್ಕು ಕೋಶಗಳಿಂದ ಲಿಂಫೋಮಾ ತಪ್ಪಿಹೋಗಬಹುದು, ಆದ್ದರಿಂದ ಇಡೀ ಗಂಟನ್ನೇ ತೆಗೆಸಿ ಪರೀಕ್ಷೆಗೆ ಕಳಿಸಿ. ಲಿಂಫೋಮಾ ಚಾಕುವಿನಿಂದ ಹರಡುವ ರೋಗವಲ್ಲ. ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಕೊಡಿಸಬೇಡಿ, ಗಂಟು ತಾತ್ಕಾಲಿಕವಾಗಿ ಕರಗಿ ವರದಿಯೇ ದಾರಿ ತಪ್ಪಬಹುದು.

ಪ್ರಶ್ನೆ (ಮೂರನೆಯ ಸದಸ್ಯರು): ನನಗೂ ಎಚ್‌ಐವಿ ಇದೆ. ಕಣ್ಣಿನ ಬಿಳಿಭಾಗದಲ್ಲಿ ದುರ್ಮಾಂಸ ಬೆಳೆದಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಉತ್ತರ: ಬಹಳಷ್ಟು ಸಲ ಅದು ಬಿಸಿಲು, ಧೂಳಿನಿಂದ ಬೆಳೆಯುವ ನಿರುಪದ್ರವಿ ಮಾಂಸವೇ. ಆದರೆ ಉಗಾಂಡಾದಂತಹ ಪೂರ್ವ ಆಫ್ರಿಕದ ದೇಶಗಳಲ್ಲಿ ಎಚ್‌ಐವಿ ಹರಡಿದ ಮೇಲೆ ಕಣ್ಣಿನ ಹೊರಪೊರೆಯ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಾಯಿತು, ನಮ್ಮಲ್ಲೂ ಅಂಥವರು ಬರುತ್ತಾರೆ. ಬೇಗ ಬೆಳೆಯುತ್ತಿದ್ದರೆ, ಮೇಲೆ ಬಿಳಿ ಹೆಪ್ಪು ಅಥವಾ ದಪ್ಪ ರಕ್ತನಾಳಗಳು ಕಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ, ಮತ್ತು ತೆಗೆದ ಮಾಂಸವನ್ನು ಎಸೆಯದೆ ಲ್ಯಾಬಿಗೆ ಕಳಿಸುವಂತೆ ಮೊದಲೇ ಕೇಳಿಕೊಳ್ಳಿ.