ನಿಕಲ್ ಕೂರಿಸಿದ ಮ್ಯಾಗ್ನೆಟಿಕ್ ಕಣಗಳಿಗೆ ಬೇಡದ ಪ್ರೋಟೀನೂ ಅಂಟುತ್ತಿದೆ, ಏನು ಮಾಡಲಿ?

ಪ್ರಶ್ನೆ: ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಹಿಸ್-ಟ್ಯಾಗ್ (ಹಿಸ್ಟಿಡಿನ್ ಬಾಲ) ಇರುವ ಪ್ರೋಟೀನನ್ನು ನಿಕಲ್-ಎನ್‌ಟಿಎ (ಎನ್‌ಟಿಎ ಅಂದರೆ ನಿಕಲ್ಲನ್ನು ಹಿಡಿದಿಡುವ ರಾಸಾಯನಿಕ) ಕೂರಿಸಿದ ಮ್ಯಾಗ್ನೆಟಿಕ್ ನ್ಯಾನೋ ಕಣಗಳಿಂದ ಹಿಡಿಯುತ್ತಿದ್ದೇನೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ನನ್ನ ಬ್ಯಾಂಡ್ (ಪಟ್ಟಿ) ಇದೆ, ಜೊತೆಗೆ ಬೇಡದವೂ ರಾಶಿ. ಕಣ ಜಾಸ್ತಿ ಹಾಕಿದಷ್ಟೂ ಗಲೀಜು ಹೆಚ್ಚುತ್ತಿದೆ. ಈ ಕೆಲಸ ಮಾಡಿದವರು ಸ್ವಲ್ಪ ಹೇಳಿ.

ಉತ್ತರ: ಹಾಗಾದರೆ ಕಣ ಕಡಿಮೆ ಮಾಡಿ. ಟ್ಯಾಗ್‌ನಲ್ಲಿ ಸಾಮಾನ್ಯವಾಗಿ ಸಾಲಾಗಿ ಆರು ಹಿಸ್ಟಿಡಿನ್ (ಒಂದು ಅಮೈನೋ ಆಮ್ಲ) ಇರುತ್ತವೆ, ಅದು ನಿಕಲ್ಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅಲ್ಲೊಂದು ಇಲ್ಲೊಂದು ಹಿಸ್ಟಿಡಿನ್ ಇರುವ ಪ್ರೋಟೀನ್‌ಗಳ ಹಿಡಿತ ಸಡಿಲ. ಜಾಗಕ್ಕೆ ಪೈಪೋಟಿ ಇದ್ದಾಗ ಟ್ಯಾಗ್ ಇರುವುದೇ ಗೆಲ್ಲುತ್ತದೆ. ಖಾಲಿ ಬಸ್ಸಿನಲ್ಲಿ ಯಾರು ಬೇಕಾದರೂ ಕೂರಬಹುದು, ಅಲ್ವಾ? ಲೈಸೇಟ್ (ಕೋಶ ಒಡೆದಾಗ ಬರುವ ದ್ರವ) ಅಷ್ಟೇ ಇರಲಿ. ಕಣಗಳನ್ನು ಅರ್ಧ, ಕಾಲು, ಅರೆಕಾಲು ಅಂತ ಇಳಿಸುತ್ತಾ ಹೋಗಿ, ಎಲ್ಲವನ್ನೂ ಒಂದೇ ಜೆಲ್‌ನಲ್ಲಿ ಓಡಿಸಿ. ಪಕ್ಕದ ಲೇನ್‌ಗಳಲ್ಲಿ ಅಂಟದೆ ಉಳಿದ ದ್ರವವನ್ನೂ ಹಾಕಿ. ಅದರಲ್ಲಿ ನಿಮ್ಮ ಪ್ರೋಟೀನ್ ಚೂರು ಕಾಣಿಸತೊಡಗಿದರೆ ಅಳತೆ ಸರಿಯಾಯಿತು ಅಂತ ಅರ್ಥ. ಸ್ವಲ್ಪ ನಷ್ಟವಾಗುತ್ತದೆ, ಆಗಲಿ ಬಿಡಿ.

ಉತ್ತರ: ಮೇಲಿನದು ಸರಿ, ಆದರೆ ಬಫರ್ ಕೂಡ ನೋಡಿ. ನಿಕಲ್ ಜಾಗಕ್ಕೆ ಹಿಸ್ಟಿಡಿನ್ ಜೊತೆ ಪೈಪೋಟಿ ಮಾಡುವ ಇಮಿಡಜೋಲನ್ನು ವಾಶ್‌ಗೆ (ತೊಳೆಯುವ ಬಫರ್‌ಗೆ) ಮಾತ್ರ ಹಾಕುತ್ತಿದ್ದೀರಾ? ಅಂಟುವಾಗಲೇ 10ರಿಂದ 20 ಮಿಲಿಮೋಲಾರ್ ಇರಲಿ. ಉಪ್ಪು 300ರಿಂದ 500 ಮಿಲಿಮೋಲಾರ್, ಟ್ವೀನ್-20 (ಸೌಮ್ಯ ಡಿಟರ್ಜೆಂಟ್) ಶೇಕಡಾ 0.05. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಇನ್ಹಿಬಿಟರ್‌ನಲ್ಲಿ ಇಡಿಟಿಎ ಇದ್ದರೆ ಅದು ಬೇಡವೇ ಬೇಡ, ಇಡಿಟಿಎ ನಿಕಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ. ಡಿಟಿಟಿ (ಒಂದು ಅಪಕರ್ಷಕ ರಾಸಾಯನಿಕ) ಜಾಸ್ತಿಯಾದರೂ ನಿಕಲ್ ಕೆಡುತ್ತದೆ. ನಿಕಲ್ ಕೂರಿಸಿದ ನೀಲಿ ರೆಸಿನ್ ಆದರೆ ಕಂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಕಾಣುತ್ತದೆ. ನಮ್ಮ ಕಣ ಮೊದಲೇ ಕಪ್ಪು, ಸುಮ್ನೆ ನೋಡಿದರೆ ಏನೂ ಗೊತ್ತಾಗಲ್ಲ.

ಉತ್ತರ: ನಿಕಲ್ ಇಲ್ಲದ ಕಣಗಳನ್ನು ಅದೇ ಲೈಸೇಟಿಗೆ ಹಾಕಿ ನೋಡಿದ್ದೀರಾ? ಅದರಲ್ಲೂ ಅವೇ ಬ್ಯಾಂಡ್ ಬಂದರೆ ದೋಷ ಕಣದ ಮೇಲಿನ ಹೊದಿಕೆಯದು. ಆಗ ಇಮಿಡಜೋಲ್ ಎಷ್ಟು ಸುರಿದರೂ ಅಷ್ಟೇ. ಸಿಲಿಕಾ ಹೊದಿಕೆಯ ಮೇಲೆ ಪಿಇಜಿ (ಪ್ರೋಟೀನ್ ಅಂಟದಂತೆ ತಡೆಯುವ ಪಾಲಿಮರ್) ಕೂರಿಸಿದ ಮೇಲೆ ನಮ್ಮಲ್ಲಿ ತುಂಬಾ ತಗ್ಗಿತು. 25 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಆಸುಪಾಸು ಒಂದೇ ಬ್ಯಾಂಡ್ ಹಠ ಹಿಡಿದು ಕೂತಿದ್ದರೆ ಸ್ಲೈಡಿ (SlyD) ಇರಬಹುದು. ಅದು ಇ. ಕೋಲೈಯದೇ ಪ್ರೋಟೀನ್, ಬಾಲದಲ್ಲಿ ಹಿಸ್ಟಿಡಿನ್ ದಂಡಿಯಾಗಿದೆ. ತೊಳೆದರೆ ಹೋಗುವುದು ಕಷ್ಟ. ಅದನ್ನು ತಿದ್ದಿದ ಇ. ಕೋಲೈ ಸ್ಟ್ರೇನ್‌ಗಳು (ತಳಿಗಳು) ಸಿಗುತ್ತವೆ.

ಉತ್ತರ: ವಾಶ್ ಮಾಡುವಾಗ ಟ್ಯೂಬನ್ನು ಮ್ಯಾಗ್ನೆಟ್‌ನಿಂದ ತೆಗೆಯಿರಿ. ಗೋಡೆಗೆ ಅಂಟಿದ ಮುದ್ದೆಯ ಮೇಲೆ ಬಫರ್ ಸುರಿದರೆ ಒಳಗೆ ಸಿಕ್ಕಿಕೊಂಡ ಲೈಸೇಟ್ ಹೊರಗೆ ಬರಲ್ಲ. ಪೈಪೆಟ್‌ನಿಂದ ಪೂರ್ತಿ ಬಿಡಿಸಿ, ಮತ್ತೆ ಮ್ಯಾಗ್ನೆಟ್‌ಗೆ ಇಟ್ಟು ದ್ರವ ತಿಳಿಯಾಗುವವರೆಗೆ ಕಾಯಿರಿ. ಕಣ ಸಣ್ಣದಾದಷ್ಟೂ ಇದು ನಿಧಾನ. ಕೊನೆಯ ವಾಶ್‌ಗೆ ಟ್ಯೂಬ್ ಬದಲಿಸಿ, ಪ್ಲಾಸ್ಟಿಕ್‌ಗೂ ಪ್ರೋಟೀನ್ ಅಂಟಿರುತ್ತದೆ.