ಕೆನ್ನೆಯಲ್ಲೊಂದು, ಥೈರಾಯ್ಡ್‌ನಲ್ಲೊಂದು: ಮೊದಲು ಯಾವುದಕ್ಕೆ ಚಿಕಿತ್ಸೆ?

ಕೇರಳದ ಗಡಿನಾಡು ಕಾಸರಗೋಡಿನ ಪೆರ್ಲದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಎಡ ಕೆನ್ನೆಯ ಒಳಗಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ (ಬಾಯಿಯ ಒಳಪದರದ ಕ್ಯಾನ್ಸರ್) ಅಂತ ಬಂತು. ಆಮೇಲೆ ಸ್ಕ್ಯಾನ್ ಮಾಡಿದರೆ ಥೈರಾಯ್ಡ್‌ನಲ್ಲೂ ಒಂದು ಗಂಟು, ಕುತ್ತಿಗೆಯಲ್ಲಿ ಎರಡು ಗ್ರಂಥಿ (ಲಿಂಫ್ ನೋಡ್) ದಪ್ಪ. ಥೈರಾಯ್ಡ್ ಗಂಟಿಗೆ ಸೂಜಿ ಹಾಕಿ ನೋಡಿ, ಪ್ಯಾಪಿಲ್ಲರಿ ಕಾರ್ಸಿನೋಮದ (ಥೈರಾಯ್ಡಿನದೇ ಒಂದು ಬಗೆಯ ಕ್ಯಾನ್ಸರ್) ಸಂಶಯ ಎಂದು ಬರೆದಿದ್ದಾರೆ. ಮನೆಯಲ್ಲಿ ಎಲ್ಲರೂ "ಬಾಯಿಯದ್ದು ಹರಡಿದೆ, ಇನ್ನು ಮಾಡುವುದೇನೂ ಇಲ್ಲ" ಎಂದು ಕೈಚೆಲ್ಲಿ ಕೂತಿದ್ದಾರೆ. ಹೀಗೆ ಎರಡು ಒಟ್ಟಿಗೆ ಬಂದವರು ಯಾರಾದರೂ ಇದ್ದೀರಾ? ಯಾವುದಕ್ಕೆ ಮೊದಲು ಚಿಕಿತ್ಸೆ? ಮಂಗಳೂರಿಗೆ ಹೋಗುವುದೋ, ತಲಶ್ಶೇರಿಗೋ?

ಕುಂಬಳೆಯಿಂದ

ತಂಗಿ, ನನ್ನ ಯಜಮಾನರಿಗೆ ಆದದ್ದು ಹೆಚ್ಚುಕಡಿಮೆ ಇದೇ. ಆರು ವರ್ಷ ಆಯ್ತು. ಈಗ ತೋಟಕ್ಕೆ ಹೋಗಿ ಸ್ಪ್ರಿಂಕ್ಲರ್ ಬದಲಾಯಿಸಿ ಬರುತ್ತಾರೆ. ಇದನ್ನು ಮೊದಲೇ ಹೇಳಿಬಿಟ್ಟೆ. ಆವತ್ತು ನನಗೆ ಬೇಕಾಗಿದ್ದದ್ದು ಈ ಒಂದು ಮಾತು.

"ಹರಡಿದೆ" ಅನ್ನುವುದನ್ನು ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳಬೇಡಿ. ನಾವು ಮೊದಲು ಹೋದ ಕಡೆಯೂ ಹಾಗೇ ಹೇಳಿದ್ದರು. ಫೈಲಿನ ಮೇಲೆ ಸ್ಟೇಜ್ 4 ಎಂದು ಪೆನ್ನಿನಲ್ಲಿ ಬರೆದೂ ಕೊಟ್ಟರು. ಕುತ್ತಿಗೆಯ ಗ್ರಂಥಿಗೆ ಸೂಜಿ ಹಾಕಿರಲೇ ಇಲ್ಲ! ಎರಡನೇ ಆಸ್ಪತ್ರೆಯಲ್ಲಿ ಥೈರಾಯ್ಡಿಗೆ ಬೇರೆ, ಗ್ರಂಥಿಗೆ ಬೇರೆ ಸೂಜಿ ಹಾಕಿದರು. ಗ್ರಂಥಿಯಲ್ಲಿ ಇದ್ದದ್ದು ಥೈರಾಯ್ಡಿನ ಕ್ಯಾನ್ಸರ್. ಬಾಯಿಯದ್ದು ಬಾಯಲ್ಲೇ ಇತ್ತು.

ಅಲ್ಲಿಂದ ಲೆಕ್ಕವೇ ಬದಲಾಯಿತು. ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಒಂದು ಗ್ರಂಥಿಗೆ ಬಂದರೂ ಅದು ಕನಿಷ್ಠ ಸ್ಟೇಜ್ 3. ಪ್ಯಾಪಿಲ್ಲರಿ ಹಾಗಲ್ಲ. 55 ದಾಟಿದವರಲ್ಲಿ ಕೂಡ, ಗಂಟು ಥೈರಾಯ್ಡಿನ ಒಳಗೇ ಇದ್ದು ಕುತ್ತಿಗೆಯ ಗ್ರಂಥಿಗೆ ಮಾತ್ರ ಬಂದಿದ್ದರೆ ಸ್ಟೇಜ್ 2. ಹಾಗಾಗಿ ಡಾಕ್ಟರ ಹತ್ತಿರ "ಎಷ್ಟನೇ ಸ್ಟೇಜ್" ಎಂದು ಕೇಳುವ ಮೊದಲು "ಗ್ರಂಥಿಯಲ್ಲಿ ಇರುವುದು ಯಾವ ಕ್ಯಾನ್ಸರ್" ಎಂದು ಕೇಳಿ. ಎರಡು ಇದ್ದರೆ ಎರಡಕ್ಕೂ ಬೇರೆ ಬೇರೆ ಸ್ಟೇಜ್ ಬರೆಯಬೇಕು. ಬರೆಸಿಕೊಳ್ಳಿ. ನಿಮ್ಮ ಅಪ್ಪನ ಗ್ರಂಥಿಯಲ್ಲಿ ಬಾಯಿಯದ್ದೇ ಇರಲೂಬಹುದು, ಅದಕ್ಕೂ ಚಿಕಿತ್ಸೆ ಇದೆ. ಆದರೆ ನೋಡದೆ ಹೇಳಬಾರದು ಅಲ್ವಾ?

ಯಾವುದು ಮೊದಲು ಅಂದರೆ, ನಮ್ಮ ಸರ್ಜನ್ ಹೇಳಿದ್ದು ನನಗೆ ಈಗಲೂ ನೆನಪಿದೆ. "ಓಡುವ ದನವನ್ನು ಮೊದಲು ಕಟ್ಟಬೇಕು, ಮೇಯುತ್ತಾ ನಿಂತದ್ದನ್ನು ಆಮೇಲೆ ಕಟ್ಟಿದರೂ ಆದೀತು." ಬಾಯಿಯ ಕ್ಯಾನ್ಸರ್ ವಾರ ವಾರಕ್ಕೆ ಬೆಳೆಯುತ್ತದೆ. ಪ್ಯಾಪಿಲ್ಲರಿ ಸಾಮಾನ್ಯವಾಗಿ ತುಂಬಾ ನಿಧಾನ. ಇವರಿಗೆ ಎರಡನ್ನೂ ಒಂದೇ ಆಪರೇಷನ್ನಿನಲ್ಲಿ ತೆಗೆದರು. ಕೆನ್ನೆಯ ಭಾಗ, ಕುತ್ತಿಗೆಯ ಗ್ರಂಥಿಗಳು, ಪೂರ್ತಿ ಥೈರಾಯ್ಡ್. ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬರುವಾಗ ಕತ್ತಲಾಗಿತ್ತು. ಬಾಯಿಯದ್ದಕ್ಕೆ ರೇಡಿಯೇಶನ್ ಬೇಕಿದ್ದರೆ ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗಬೇಕು. ಇದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಗಾಯ ಒಣಗಲಿಲ್ಲ, ಮದುವೆ ಉಂಟು, ಅಡಿಕೆ ಕೊಯ್ಲು ಉಂಟು ಎಂದು ಸುಮ್ನೆ ದಿನ ಹೋಗುತ್ತದೆ. ಥೈರಾಯ್ಡಿಗೆ ಕೊಡುವ ಅಯೋಡಿನ್ ಚಿಕಿತ್ಸೆ (ವಿಕಿರಣ ಸೂಸುವ ಅಯೋಡಿನ್ ನುಂಗಿಸುವುದು) ಇವರಿಗೆ ರೇಡಿಯೇಶನ್ ಎಲ್ಲ ಮುಗಿದ ಮೇಲೆ ಆಯಿತು.

ಆ ಅಯೋಡಿನ್ ಬಗ್ಗೆ ಒಂದು ಮಾತು. ಥೈರಾಯ್ಡ್ ಕ್ಯಾನ್ಸರ್ ಬಂದ ಎಲ್ಲರಿಗೂ ಅದು ಬೇಕಾಗುವುದಿಲ್ಲ. ರೇಡಿಯೇಶನ್ನಿನಿಂದ ಬಾಯಿ ಒಣಗುತ್ತದೆ. ಅಯೋಡಿನ್ ಕೂಡ ಜೊಲ್ಲಿನ ಗ್ರಂಥಿಗೆ ಪೆಟ್ಟು ಕೊಡಬಹುದು. ಎರಡೂ ಸೇರಿದರೆ ತುತ್ತು ನುಂಗುವುದೇ ಕಷ್ಟ. "ಇವರಿಗೆ ನಿಜಕ್ಕೂ ಬೇಕಾ" ಎಂದು ಕೇಳಲು ಸಂಕೋಚ ಬೇಡ.

ಇನ್ನು ಯಾರೂ ನಮಗೆ ಮೊದಲು ಹೇಳದೇ ಇದ್ದ ವಿಷಯ. ಥೈರಾಯ್ಡ್ ತೆಗೆದ ಮೇಲೆ ಕ್ಯಾಲ್ಸಿಯಂ ಇಳಿಯಬಹುದು. ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತದೆ. ಆಮೇಲೆ ಕೈ ಸೆಟೆದುಕೊಳ್ಳುತ್ತದೆ. ಕೆನ್ನೆ ಆಪರೇಷನ್ ಆದವರಿಗೆ ತುಟಿ ಹೇಗೂ ಮರಗಟ್ಟಿರುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಬೆರಳನ್ನೇ ನೋಡಬೇಕು. ಇವರಿಗೆ ಗಂಟಲಲ್ಲಿ ಟ್ಯೂಬ್ ಇತ್ತು, ಮಾತು ಇಲ್ಲ. ಎರಡನೇ ರಾತ್ರಿ ಸ್ಲೇಟಿನಲ್ಲಿ "ಬೆರಳು ಜುಂ ಜುಂ" ಎಂದು ಬರೆದು ತೋರಿಸಿದ್ದಾರೆ. ಡ್ಯೂಟಿಯಲ್ಲಿ ಇದ್ದ ಸಿಸ್ಟರಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಪಾಪ, ಆ ಹುಡುಗಿ ನೀರು ಕೇಳುತ್ತಿದ್ದಾರೆ ಎಂದುಕೊಂಡಿದ್ದಳು. ನಾನು ಬಂದು ಓದಿದ ಮೇಲೆ ರಕ್ತ ತೆಗೆದರು, ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಹಾಕಿದರು. ಮರುದಿನವೇ ನೆರೆಮನೆಯ ಮಾಸ್ಟ್ರ ಕೈಯಲ್ಲಿ ಒಂದು ಚೀಟಿ ಮಾಡಿಸಿದೆ. ನೋವು, ಉಸಿರು, ಕಫ, ಜುಂ, ನೀರು, ಮೂತ್ರ. ಮೇಲೆ ಕನ್ನಡ, ಕೆಳಗೆ ಮಲಯಾಳ. ಬೆರಳಿಟ್ಟು ತೋರಿಸಿದರೆ ಆಯಿತು. ಗಡಿಯ ಈಚೆ ಆಚೆ ಎಲ್ಲಿ ಸೇರಿಸಿದರೂ ಇದನ್ನು ಮಾಡಿಟ್ಟುಕೊಳ್ಳಿ.

ರೇಡಿಯೇಶನ್ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೀಳಬೇಕಾದ್ದನ್ನು ಆಗಲೇ ಕೀಳಿಸಿ. ಆಮೇಲೆ ಕಿತ್ತರೆ ದವಡೆ ಎಲುಬು ಕೊಳೆಯುವ ಅಪಾಯ ಇದೆ. ಕುಚ್ಚಲಕ್ಕಿ ಗಂಜಿಯನ್ನು ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಸೋಸಿಯೇ ಮೂಗಿನ ಟ್ಯೂಬಿಗೆ ಕೊಡಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ.

ಮಂಜೇಶ್ವರದಿಂದ

ಅಕ್ಕ ಹೇಳಿದ್ದಕ್ಕೆ ನಮ್ಮದನ್ನೂ ಸೇರಿಸುತ್ತೇನೆ. ನನ್ನ ತಂದೆಯದ್ದು ಬೇರೆ ಜೋಡಿ. ಧ್ವನಿಪೆಟ್ಟಿಗೆಯಲ್ಲಿ ಒಂದು, ಅನ್ನನಾಳದಲ್ಲಿ ಇನ್ನೊಂದು. ನಲವತ್ತು ವರ್ಷ ಬೀಡಿ ಸೇದಿದವರು. ಸ್ವರ ಒಡೆದಿದೆ ಎಂದು ತೋರಿಸಲು ಹೋದದ್ದು. ಚಿಕಿತ್ಸೆಗೆ ಮೊದಲು ಡಾಕ್ಟರ್ ಅನ್ನನಾಳವನ್ನೂ ಎಂಡೋಸ್ಕೋಪಿಯಲ್ಲಿ ನೋಡಿದರು. ನುಂಗಲು ಏನೂ ತೊಂದರೆ ಇರಲಿಲ್ಲ. ಇದು ಯಾಕೆ ಎಂದು ನಾವು ಸ್ವಲ್ಪ ಜೋರಾಗಿಯೇ ಕೇಳಿದ್ದೆವು. ಅದರಲ್ಲೇ ಎರಡನೆಯದು ಸಿಕ್ಕಿತು. ಮೇಲಿನ ಪದರದಲ್ಲಿ ಮಾತ್ರ ಇತ್ತು, ಎಂಡೋಸ್ಕೋಪಿಯಿಂದಲೇ ತೆಗೆದರು. ಆಮೇಲೆ ಗಂಟಲಿಗೆ 35 ದಿನ ರೇಡಿಯೇಶನ್.

ಹೊಗೆಸೊಪ್ಪು, ಬೀಡಿ, ಅಡಿಕೆ, ಮದ್ಯ ತಾಗುವ ದಾರಿ ಉದ್ದಕ್ಕೂ ಒಂದೇ. ಬಾಯಿಯಿಂದ ಅನ್ನನಾಳ, ಶ್ವಾಸಕೋಶದವರೆಗೆ. ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆಯೂ ಕೆಟ್ಟಿರಬಹುದು. ಹಾಗಾಗಿ ನಿಮ್ಮ ಅಪ್ಪನಿಗೂ ಗಂಟಲು, ಅನ್ನನಾಳ ನೋಡಿದ್ದಾರಾ ಎಂದು ಕೇಳಿ. ಆರು ತಿಂಗಳೊಳಗೆ ಸಿಕ್ಕಿದರೆ ಎರಡೂ ಒಟ್ಟಿಗೆ ಬಂದದ್ದು ಎಂದು ಲೆಕ್ಕ. ಆಮೇಲೂ ಹೊಸದು ಬರಬಹುದು, ಅದಕ್ಕೇ ವರ್ಷಗಟ್ಟಲೆ ತಪಾಸಣೆ. ನಮ್ಮದೂ ಅಡಿಕೆ ತೋಟವೇ, ಆದರೂ ಹೇಳಬೇಕು. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಪ್ಪ ಕವಳ ಹಾಕುತ್ತಿದ್ದರೆ ಇವತ್ತೇ ಬಿಡಿಸಿ.

ಆಸ್ಪತ್ರೆ ವಿಷಯ. ಮಲಬಾರ್ ಕ್ಯಾನ್ಸರ್ ಸೆಂಟರ್ ತಲಶ್ಶೇರಿಯಲ್ಲಿದೆ, ಸರ್ಕಾರದ್ದು. ಮಂಗಳೂರು ಹತ್ತಿರ, ಭಾಷೆಯೂ ಸುಲಭ. ಎಲ್ಲಿ ಹೋದರೂ ಎರಡು ಕೇಳಿ. ಸರ್ಜನ್, ರೇಡಿಯೇಶನ್ ಡಾಕ್ಟರ್, ಕೀಮೋ ಡಾಕ್ಟರ್ ಒಟ್ಟಿಗೆ ಕೂತು ತೀರ್ಮಾನ ಮಾಡುವ ಟ್ಯೂಮರ್ ಬೋರ್ಡ್ ಇದೆಯಾ? ಅಯೋಡಿನ್ ಚಿಕಿತ್ಸೆಗೆ ಬೇಕಾದ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇದೆಯಾ? ಕೇರಳ ಸರ್ಕಾರದ ಆರೋಗ್ಯ ವಿಮೆಯ ಕಾರುಣ್ಯ ಕಾರ್ಡ್ ನಡೆಯುತ್ತದಾ ಎನ್ನುವುದನ್ನು ದಾಖಲಾಗುವ ಮೊದಲೇ ಕೌಂಟರಿನಲ್ಲಿ ಕೇಳಿ. ರಿಪೋರ್ಟ್‌ಗಳ ಒಂದು ಕಾಪಿ ಯಾವಾಗಲೂ ಮನೆಯಲ್ಲಿ ಇರಲಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಫೈಲು ಪೂರ್ತಿ ಆಚೆ ಇತ್ತು. ಈಚೆಯ ಡಾಕ್ಟರಿಗೆ ತೋರಿಸಲು ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ನೀರ್ಚಾಲಿನವರು, ಈಗ ಮಂಗಳೂರಿನಿಂದ

ಪ್ಯಾಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಗಳೇ, ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟ್ ಒಯ್ದರೆ ಸಾಲದು. ಸ್ಲೈಡ್ ಮತ್ತು ಮೇಣದ ಬ್ಲಾಕ್ (ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಎರಡನ್ನೂ ಬರೆದುಕೊಟ್ಟು ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಹೊಸದಾಗಿ ಕತ್ತರಿಸಿ ಐಎಚ್‌ಸಿ ಪರೀಕ್ಷೆ ಮಾಡಬಹುದು, ಅಂದರೆ ಬಣ್ಣ ಹಿಡಿಸಿ ಜೀವಕೋಶ ಯಾವುದರದ್ದು ಎಂದು ನೋಡುವುದು. ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಜೀವಕೋಶ ಮಾಡುವ ಪ್ರೋಟೀನ್) ಬಣ್ಣ ಹಿಡಿದರೆ ಅದು ಥೈರಾಯ್ಡಿನದ್ದು. ಪಿ40 ಎಂಬ ಇನ್ನೊಂದು ಪ್ರೋಟೀನಿನ ಬಣ್ಣ ಹಿಡಿದರೆ ಸ್ಕ್ವಾಮಸ್ ಕಡೆಗೆ, ಅಂದರೆ ಬಾಯಿಯದ್ದರ ಕಡೆಗೆ. ಒಂದೇ ಗ್ರಂಥಿಯಲ್ಲಿ ಎರಡೂ ಇದ್ದದ್ದನ್ನು ನಾನು ನೋಡಿದ್ದೇನೆ, ಆದರೆ ಅದು ಬಲು ಅಪರೂಪ.

ಕೆಲವು ಸಲ ಸೂಜಿ ಹಾಕಿದಾಗ ಬರೀ ಕಂದು ನೀರು ಬರುತ್ತದೆ. "ಏನೂ ಸಿಗಲಿಲ್ಲ" ಎಂದು ಬಿಡಬಾರದು. ಆ ನೀರಿನಲ್ಲೇ ಥೈರೋಗ್ಲೋಬ್ಯುಲಿನ್ ಅಳೆಯಬಹುದು. ಇನ್ನೊಂದು, ಬ್ಲಾಕ್‌ಗಳನ್ನು ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಇಟ್ಟು ಊಟಕ್ಕೆ ಇಳಿಯಬೇಡಿ. ಮೇಣ ಕರಗುತ್ತದೆ.

ಪೆರ್ಲದಿಂದ ಮತ್ತೆ

ಅಕ್ಕ, ಅಣ್ಣ, ಮಾವ, ತುಂಬಾ ಉಪಕಾರ ಆಯ್ತು. ಗ್ರಂಥಿಗೆ ಸೂಜಿ ಹಾಕಿರಲಿಲ್ಲ ಎಂದು ಈಗ ಗೊತ್ತಾಯಿತು, ಶನಿವಾರ ಹಾಕುತ್ತಾರಂತೆ. ನಾಳೆ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಸ್ಪಷ್ಟ ಕಾಣಲು ಕೊಡುವ ಔಷಧಿ) ಕೊಟ್ಟು ಸಿಟಿ ಸ್ಕ್ಯಾನ್ ಉಂಟು. ಅದರಲ್ಲಿ ಅಯೋಡಿನ್ ಇದೆ, ಥೈರಾಯ್ಡ್ ಇದ್ದವರಿಗೆ ಬೇಡ ಎಂದು ಒಬ್ಬರು ಹೇಳಿದರು. ಮುಂದೆ ಹಾಕಲಾ?

ಕುಂಬಳೆಯಿಂದ

ಬೇಡ ತಂಗಿ, ಮುಂದೆ ಹಾಕಬೇಡಿ. ಅಯೋಡಿನ್ ಇರುವುದು ನಿಜ. ಕಾಂಟ್ರಾಸ್ಟ್ ಆದ ಮೇಲೆ ಅಯೋಡಿನ್ ಚಿಕಿತ್ಸೆಗೆ ಒಂದೆರಡು ತಿಂಗಳು ಕಾಯಬೇಕಾಗುತ್ತದೆ ಅಷ್ಟೇ. ಆಪರೇಷನ್, ರೇಡಿಯೇಶನ್ ಎಲ್ಲ ಆಗುವಾಗ ಅಷ್ಟು ಸಮಯ ಹೇಗೂ ಕಳೆಯುತ್ತದೆ. ಬಾಯಿಯದ್ದನ್ನು ಅಳೆಯಲು ಆ ಸ್ಕ್ಯಾನ್ ಬೇಕು. ಥೈರಾಯ್ಡ್ ವಿಷಯ, ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಅದು, ಎಲ್ಲವನ್ನೂ ಸ್ಕ್ಯಾನ್ ರೂಮಿನಲ್ಲಿ ಮೊದಲೇ ಹೇಳಿ.

ಗುರುವಾರ ನಾನು ಬದಿಯಡ್ಕಕ್ಕೆ ಬರುವುದಿದೆ. ಆ ಚೀಟಿ ಇನ್ನೂ ಇದೆ, ಸ್ಲೇಟೂ ಇದೆ. ಎರಡನ್ನೂ ತರುತ್ತೇನೆ.